ಬಿದ್ದ ಮೇಲೂ ಕೂಗುತ್ತಿದ್ದ ಚೆಂಡು

ರೆಸ್ಟನ್

ಅಮೆರಿಕದಿಂದ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ: "ವೈಟ್ ಹೌಸ್ ನೋಡಿದ್ರಾ?" ನೋಡಿದೆ, ಬೇಲಿಯ ಆಚೆಯಿಂದ. ನಮ್ಮ ಮೈಸೂರು ಅರಮನೆಯ ಮುಂದೆ ಅದು ಔಟ್‌ಹೌಸು. ಅದರ ವರ್ಣನೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ. ನಾನು ಹೇಳಹೊರಟಿರುವುದು ಒಂದು ಹಳೇ ರಾಕೆಟ್ಟಿನ ವಿಷಯ, ಮತ್ತು ಅದನ್ನು ನೋಡಿ ಬಂದ ಮೇಲೆ ನಮ್ಮ ಬೆನ್ನು ಹತ್ತಿದ ಒಂದು ಸದ್ದಿನ ವಿಷಯ.

ನನ್ನ ಕಸುಬು ಅಡುಗೆ. ಮದುವೆ, ಮುಂಜಿ, ನಾಮಕರಣಕ್ಕೆ ಅಡುಗೆ ಮಾಡಿಸಿಕೊಡುತ್ತೇನೆ. ದೀಪಾವಳಿಯಲ್ಲಿ ಬಿಟ್ಟರೆ ರಾಕೆಟ್ಟಿಗೂ ನನಗೂ ನಂಟಿಲ್ಲ. ಕೋವಿಡ್ ಗಲಾಟೆಯೆಲ್ಲ ಮುಗಿದ ಮೇಲೆ ನಾನು ಅಲ್ಲಿಗೆ ಹೋದದ್ದು ತಂಗಿಯ ಮಗಳು ಮೇಘನಾಳ ಸೀಮಂತಕ್ಕೆ. ಹಿಂದೆ ಎರಡು ಸಲ ಅವಳಿಗೆ ಬಸಿರು ನಿಂತಿರಲಿಲ್ಲ. ಈ ಸಲ ಏಳನೇ ತಿಂಗಳು ಮುಟ್ಟಿತ್ತು. ತಂಗಿಗೆ ಮಂಡಿ ಆಪರೇಷನ್ ಆಗಿ ವಿಮಾನ ಹತ್ತುವ ಹಾಗಿರಲಿಲ್ಲ. "ಅಕ್ಕಾ, ನನ್ನ ಬದಲು ನೀನು ಹೋಗು. ಈ ಮಗು ಒಂದು ಕೈಗೆ ಬಂದ್ರೆ ಸಾಕು" ಎಂದು ಕಣ್ಣಲ್ಲಿ ನೀರು ಹಾಕಿಕೊಂಡು ಕಳಿಸಿದ್ದಳು. ಇಡೀ ಪ್ರಯಾಣದಲ್ಲಿ ನಾನು ಹೊತ್ತುಕೊಂಡು ತಿರುಗಿದ ಸಾಮಾನೆಂದರೆ ಅದೊಂದು ಮಾತು.

ವಾಷಿಂಗ್ಟನ್ ಪಕ್ಕದ ರೆಸ್ಟನ್ನಿನಲ್ಲಿ ಅವರ ಅಪಾರ್ಟ್‌ಮೆಂಟಿಗೆ ಬಂದ ಮರುದಿನವೇ ಸಾರಿಗೊಂದು ಒಗ್ಗರಣೆ ಇಟ್ಟೆ. ತುಪ್ಪ, ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ. ಮೆಣಸಿನಕಾಯಿ ಕಪ್ಪಾಗುವುದಕ್ಕೂ ತಲೆಯ ಮೇಲೆ ಯಾವುದೋ ಪಿಶಾಚಿ ಕಿರುಚುವುದಕ್ಕೂ ಸರಿಹೋಯಿತು. ಕೈಲಿದ್ದ ಸೌಟು ನೆಲಕ್ಕೆ ಬಿತ್ತು. ಮೇಘನಾ ಟವೆಲ್ ಬೀಸುತ್ತ ಓಡಿಬಂದಳು.

"ಏನೂ ಇಲ್ಲ ದೊಡ್ಡಮ್ಮ, ಸ್ಮೋಕ್ ಅಲಾರಂ. ಕ್ಯಾಪ್ ಹಾಕೋದು ಮರ್ತಿದ್ದೆ."

ಅವಳ ಗಂಡ ಪ್ರಶಾಂತ ಕುರ್ಚಿ ಹತ್ತಿ, ಛಾವಣಿಗೆ ಅಂಟಿಕೊಂಡಿದ್ದ ಬಿಳಿ ತಟ್ಟೆಗೆ ಸ್ನಾನದ ಪ್ಲಾಸ್ಟಿಕ್ ಟೋಪಿಯೊಂದನ್ನು ತೊಡಿಸಿದ. ಅದು ಬಾಯಿ ಮುಚ್ಚಿತು. ನಮ್ಮವರ ಮನೆಗಳಲ್ಲೆಲ್ಲ ಹೀಗೆಯೇ ಅಂತೆ. ಒಗ್ಗರಣೆಗೆ ಮುಂಚೆ ಅಲಾರಂಗೆ ಟೋಪಿ, ಊಟ ಆದ ಮೇಲೆ ನೆನಪಿದ್ದರೆ ತೆಗೆಯುವುದು. ಹೋಮ ಮಾಡಿಸುವಾಗ ಪುರೋಹಿತರೇ "ಟೋಪಿ ಆಯ್ತಾ?" ಎಂದು ಕೇಳಿ ಗಣಪತಿ ಪೂಜೆ ಶುರುಮಾಡುತ್ತಾರಂತೆ. ನಾನು ಬಿದ್ದು ಬಿದ್ದು ನಕ್ಕೆ. ಒಗ್ಗರಣೆಗೆ ಹೆದರುವ ದೇಶ ಅದು ಹೇಗೆ ಚಂದ್ರನ ಮೇಲೆ ಹೋಯಿತೋ!

ವಾಷಿಂಗ್ಟನ್

ವೈಟ್ ಹೌಸಿನ ಬೇಲಿ ನೋಡಿದ ದಿನವೇ ಪ್ರಶಾಂತ ನಮ್ಮನ್ನು ವಿಮಾನ, ರಾಕೆಟ್ಟುಗಳ ದೊಡ್ಡ ಮ್ಯೂಸಿಯಂಗೆ ಕರೆದುಕೊಂಡು ಹೋದ. ಸಾಫ್ಟ್‌ವೇರ್ ಹುಡುಗ, ಆದರೆ ರಾಕೆಟ್ಟಿನ ಹುಚ್ಚು. "ದೊಡ್ಡಮ್ಮ, ಚಂದ್ರನ ಮೇಲೆ ಹೋಗಿದ್ದನ್ನ ಎಲ್ರೂ ನೋಡ್ತಾರೆ. ನಾನು ನಿಮಗೆ ಬಿದ್ದೋಗಿದ್ದನ್ನ ತೋರಿಸ್ತೀನಿ" ಎಂದ.

ಬಸುರಿಯನ್ನು ಜೊತೆಗಿಟ್ಟುಕೊಂಡು ಬಿದ್ದುಹೋದದ್ದನ್ನು ತೋರಿಸುತ್ತಾನಂತೆ. ನನಗೆ ಆಗಲೇ ಹಿಡಿಸಲಿಲ್ಲ. ಅಳಿಯಂದಿರಿಗೆ ಏನು ಹೇಳುವುದು?

ರಾಕೆಟ್ಟಿನ ಹೆಸರು ವ್ಯಾನ್‌ಗಾರ್ಡ್. ಅಮೆರಿಕದವರು ಮೊದಮೊದಲು ಉಪಗ್ರಹ ಹಾರಿಸಲೆಂದು ಕಟ್ಟಿದ್ದು. ಒಂದು ಸಲಕ್ಕೆ ಮಾತ್ರ ಬಳಕೆ. ಮೇಲೆ ಹೋಗಿ, ಹೊತ್ತದ್ದನ್ನು ಆಕಾಶದಲ್ಲಿ ಬಿಟ್ಟು, ತಾನು ಸುಟ್ಟು ಉದುರಬೇಕು. "ಊಟದ ಎಲೆ ಇದ್ದ ಹಾಗೆ" ಎಂದೆ. "ಕರೆಕ್ಟ್ ದೊಡ್ಡಮ್ಮ" ಎಂದ ಅಳಿಯ.

ಅದು ಹೊತ್ತಿದ್ದ ಉಪಗ್ರಹ ಒಂದು ಗಾಜಿನ ಪೆಟ್ಟಿಗೆಯಲ್ಲಿತ್ತು. ಚಕ್ಕೋತದ ಗಾತ್ರದ ಲೋಹದ ಚೆಂಡು. ಅಲ್ಲಲ್ಲಿ ತಗ್ಗು ಬಿದ್ದು, ಮೈಯಿಂದ ಚಾಚಿದ ಕಡ್ಡಿಗಳು ಸೊಟ್ಟಗಾಗಿದ್ದವು. ಪಕ್ಕದಲ್ಲಿ ಕೋಟು ತೊಟ್ಟ ಒಬ್ಬ ಮುದುಕರು ನಿಂತಿದ್ದರು. ಅಲ್ಲಿ ರಿಟೈರಾದವರು ಸಂಬಳವಿಲ್ಲದೆ ಬಂದು ಹೀಗೆ ಕಥೆ ಹೇಳುತ್ತಾರಂತೆ. ನಮ್ಮಲ್ಲಾದರೆ ಪಾರ್ಕಿನ ಬೆಂಚಿನ ಮೇಲೆ ಕೂತು ಸರ್ಕಾರ ನಡೆಸುತ್ತಾರೆ.

ಮುದುಕರು ಹೇಳಿದ್ದನ್ನು ಪ್ರಶಾಂತ ಕನ್ನಡ ಮಾಡಿ ಹೇಳಿದ. ಸಾವಿರದ ಒಂಬೈನೂರ ಐವತ್ತೇಳರಲ್ಲಿ, ರಷ್ಯಾದವರು ಆಗಲೇ ಎರಡು ಉಪಗ್ರಹ ಹಾರಿಸಿ ಮೀಸೆ ತಿರುವುತ್ತಿದ್ದಾಗ, ಇಡೀ ದೇಶ ನೋಡುತ್ತಿರಲು ಈ ರಾಕೆಟ್ಟಿಗೆ ಬೆಂಕಿ ಕೊಟ್ಟರು. ಅದು ಒಂದಾಳೆತ್ತರ ಕೂಡ ಏಳಲಿಲ್ಲ. ಹಾಗೇ ಕುಸಿದು ಕೂತು ಬೆಂಕಿಯ ಬೆಟ್ಟವಾಯಿತು. ತುದಿಯಲ್ಲಿದ್ದ ಈ ಚೆಂಡು ಮಾತ್ರ ಸಿಡಿದು ಅಷ್ಟು ದೂರ ಬಿತ್ತು. ಬಿದ್ದದ್ದು ಸುಮ್ಮನಿರಲಿಲ್ಲ. ತಾನು ಆಕಾಶ ಸೇರಿದ್ದೇನೆಂದೇ ತಿಳಿದು, ನೆಲದ ಮೇಲೆ ಬಿದ್ದುಕೊಂಡೇ ಬೀಪ್ ಬೀಪ್ ಎಂದು ಸಂಕೇತ ಕಳಿಸತೊಡಗಿತು. ಯಾರಾದರೂ ಹೋಗಿ ಅದರ ಬಾಯಿ ಮುಚ್ಚಿಸಬಾರದೇ ಎಂದು ಜನ ಆಡಿಕೊಂಡರಂತೆ.

ಇಷ್ಟು ಹೇಳಿ ಆ ಮುದುಕರು ಬಗ್ಗಿ, ದನಿ ತಗ್ಗಿಸಿ, ತಮ್ಮ ಬಾಯಲ್ಲೇ ಆ ಸದ್ದು ಮಾಡಿ ತೋರಿಸಿದರು. "ಬೀಪ್... ಬೀಪ್..." ಅವರ ಕಣ್ಣು ಮೇಘನಾಳ ಹೊಟ್ಟೆಯ ಮೇಲಿತ್ತು. ತಮಾಷೆಗೇ ಇರಬೇಕು. ಆದರೂ ನಾನು ಅಡ್ಡ ಬಂದು ನಿಂತೆ.

ಮೇಘನಾ ಗಾಜಿಗೆ ಕೈಯಿಟ್ಟು ನಿಂತೇ ಇದ್ದಳು. "ಪಾಪ ಅಲ್ವಾ ದೊಡ್ಡಮ್ಮ? ಅಷ್ಟೆಲ್ಲಾ ಬೆಂಕಿ ಆದ್ಮೇಲೂ ನಾನಿದೀನಿ ನಾನಿದೀನಿ ಅಂತ ಕೂಗ್ತಾನೇ ಇತ್ತು. ಯಾರೂ ಎತ್ಕೊಳ್ಳಲಿಲ್ಲ."

"ಬಿಡು ಮಾರಾಯ್ತಿ, ಕಬ್ಬಿಣದ ಚೆಂಡು ಅದು" ಎಂದು ಕೈ ಹಿಡಿದು ಎಳೆದುಕೊಂಡು ಬಂದೆ. ಹಿಂದೆ ಹೋದ ಎರಡರ ನೆನಪು ಅವಳ ಮುಖದ ಮೇಲಿತ್ತು.

ಉತ್ತರ ಕೆರೊಲೈನಾದ ಕಾಡು

ಸೀಮಂತ ಇದ್ದದ್ದು ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಲ್ಲಿ, ಪ್ರಶಾಂತನ ಅಕ್ಕ ರೂಪಾಳ ಮನೆಯಲ್ಲಿ. ಮೇಘನಾಗೆ ವಿಮಾನವೆಂದರೆ ವಾಂತಿ. ಆದ್ದರಿಂದ ಕಾರಿನಲ್ಲೇ, ನಡುವೆ ತಂಗುತ್ತಾ ಹೊರಟೆವು. ಡಾಕ್ಟರು ಒಪ್ಪಿದ್ದರು. ನೇರ ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿಸಿದ್ದು ಮಾತ್ರ ಅಳಿಯನ ರಾಕೆಟ್ ಹುಚ್ಚು. ಅಲ್ಲೊಂದು ಕಾಡಿನ ನಡುವೆ, ಉಪಗ್ರಹಗಳ ಸದ್ದು ಕೇಳಲೆಂದೇ ಹಿಂದೆ ಕಟ್ಟಿದ್ದ ದೊಡ್ಡ ದೊಡ್ಡ ಬಾಣಲೆಯಂಥ ಆಂಟೆನಾಗಳಿವೆ ಎಂದ.

ನಾವು ಹೋದಾಗ ಎಲೆ ಉದುರುವ ಕಾಲ. ಜಿಟಿಜಿಟಿ ಮಳೆ, ಮಂಜು. ಮರಗಳ ನಡುವೆ ಇದ್ದಕ್ಕಿದ್ದಂತೆ ಒಂದು ಬಯಲು, ಬಯಲಿನಲ್ಲಿ ಮನೆಗಿಂತ ಎತ್ತರದ ಬಿಳಿ ಬಾಣಲೆ ಮುಗಿಲಿಗೆ ಬಾಯಿ ತೆರೆದು ನಿಂತಿತ್ತು. ಅದರ ಹಿಂದೆ ಇನ್ನೊಂದು. ಸಾವಿರ ಜನಕ್ಕೆ ಅಡುಗೆ ಮಾಡಿಸಿದವಳು ನಾನು, ಅಂಥ ಬಾಣಲೆ ಕಂಡಿರಲಿಲ್ಲ. ಹಕ್ಕಿಯ ಸದ್ದೂ ಇರಲಿಲ್ಲ.

"ವ್ಯಾನ್‌ಗಾರ್ಡ್ ಆಮೇಲೆ ಸಕ್ಸಸ್ ಆಯ್ತು ದೊಡ್ಡಮ್ಮ" ಎಂದ ಪ್ರಶಾಂತ. "ಮುಂದಿನ ವರ್ಷವೇ ಅಂಥದ್ದೇ ಇನ್ನೊಂದು ಚೆಂಡನ್ನ ಮೇಲೆ ಬಿಡ್ತು. ಆರು ವರ್ಷ ಬೀಪ್ ಅಂತು, ಆಮೇಲೆ ಸೈಲೆಂಟ್. ಆದ್ರೆ ಬಿದ್ದಿಲ್ಲ. ಈಗ್ಲೂ ಸುತ್ತುತ್ತಾ ಇದೆ. ನಮ್ಮ ಮರಿಮಕ್ಕಳ ಕಾಲಕ್ಕೂ ಸುತ್ತುತ್ತಾ ಇರುತ್ತೆ."

ನೆಲಕ್ಕೆ ಬಿದ್ದದ್ದು ಕೂಗಿತು, ಮೇಲೆ ಹೋದದ್ದು ಮೂಕವಾಗಿ ಸುತ್ತುತ್ತಿದೆ. ನಾನು ಮುಗಿಲು ನೋಡಿದೆ. ಮಂಜು ಬಿಟ್ಟರೆ ಏನೂ ಇಲ್ಲ. ಯಾಕೋ ಆ ಜಾಗದಲ್ಲಿ ನಿಲ್ಲಲು ಇಷ್ಟವಾಗಲಿಲ್ಲ. "ಬನ್ನಿ, ಮಗುಗೆ ಥಂಡಿ ಆಗತ್ತೆ" ಎಂದು ಕಾರಿಗೆ ಹತ್ತಿಸಿದೆ.

ಮರದ ಮನೆ

ಆ ದಿನ ತಂಗಲು ಬಾಡಿಗೆಗೆ ಹಿಡಿದಿದ್ದು ಕಾಡಂಚಿನ ಒಂಟಿ ಮರದ ಮನೆ. ಬೀಗದ ಕೈಯನ್ನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿಟ್ಟು ಹೋಗಿದ್ದರು. ಓನರ್ ಮುಖ ನಾವು ನೋಡಲೇ ಇಲ್ಲ. ಒಳಗೆ ಗೋಡೆಯ ಮೇಲೆ ಒಂದು ಜಿಂಕೆಯ ತಲೆ. ಸತ್ತ ಪ್ರಾಣಿಯ ಮುಖವನ್ನು ಊಟದ ಮೇಜಿನ ಎದುರು ನೇತುಹಾಕುವ ಈ ಜನದ ಅಭಿರುಚಿಗೆ ಏನು ಹೇಳಲಿ! ಮೇಘನಾ ನಡುಗುತ್ತಿದ್ದಳು. ಪ್ರಶಾಂತ ಕಿಟಕಿಗಳನ್ನೆಲ್ಲ ಮುಚ್ಚಿ, ಗೋಡೆಯಲ್ಲಿದ್ದ ಗ್ಯಾಸ್ ಹೀಟರ್ ಹಚ್ಚಿದ. ಮಧ್ಯಾಹ್ನದ ಊಟವಿನ್ನೂ ಆಗಿರಲಿಲ್ಲ, ನಾನು ಅನ್ನಕ್ಕಿಟ್ಟು ತಿಳಿಸಾರು ಮಾಡಿದೆ.

ಒಗ್ಗರಣೆ ಚುರ್ ಎಂದಿತು. ಅಲಾರಂ ಅರಚಿತು. ಟೋಪಿ ಇರಲಿಲ್ಲ. ಪ್ರಶಾಂತ ಅದನ್ನು ಗೋಡೆಯಿಂದ ಕಿತ್ತು ಟವೆಲಿನಲ್ಲಿ ಸುತ್ತಿದ. ಅಲ್ಲೂ ಅರಚಿತು. "ಕೊಡಿ ಇಲ್ಲಿ, ಶನಿ" ಎಂದು ನಾನೇ ಇಸಿದುಕೊಂಡು ಹೊರಗೆ ಹೋಗಿ, ಸೌದೆ ರಾಶಿಯ ಹಿಂದೆ ಉದುರಿದ ಎಲೆಗಳ ಮೇಲೆ ಎಸೆದು ಬಂದೆ. ಸ್ವಲ್ಪ ಹೊತ್ತಿಗೆ ಅರಚಾಟ ನಿಂತಿತು. ಆದರೆ ಆಗೊಮ್ಮೆ ಈಗೊಮ್ಮೆ ಒಂಟಿ "ಬೀಪ್" ಮಂಜಿನೊಳಗಿಂದ ಬರುತ್ತಲೇ ಇತ್ತು.

"ಬ್ಯಾಟರಿ ವೀಕ್ ಆಗಿದೆ ಅಷ್ಟೇ" ಎಂದ ಪ್ರಶಾಂತ. ಮೇಘನಾ ಕಿಟಕಿಯ ಕಡೆ ನೋಡಿದಳು.

ಊಟ ಆಯಿತು. ಅವಳಿಗೆ ತಲೆನೋವು, ಒಳಗೆ ಹೋಗಿ ಮಲಗಿದಳು. ದಾರಿಯ ಆಯಾಸ ಎಂದುಕೊಂಡೆ. ಪ್ರಶಾಂತ ಸೋಫಾದ ಮೇಲೆ ಮೊಬೈಲ್ ಹಿಡಿದುಕೊಂಡೇ ನಿದ್ದೆಹೋದ. ನನಗೂ ಕಪಾಲ ಹಿಂಡಿದಂತೆ ನೋವು. ಪಾತ್ರೆ ತೊಳೆಯುತ್ತಿದ್ದವಳಿಗೆ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿತು. ತಿರುಗಿದರೆ ಯಾರೂ ಇಲ್ಲ. ಮತ್ತೆ ತೊಳೆಯತೊಡಗಿದೆ. ಮತ್ತೆ ನಿಂತರು. ಈ ಸಲ ಗಂಟಲು ಸರಿಮಾಡಿಕೊಂಡದ್ದು ಸ್ಪಷ್ಟವಾಗಿ ಕೇಳಿತು. ನಮ್ಮೆಜಮಾನರು ಊಟಕ್ಕೆ ಕೂರುವ ಮುಂಚೆ ಹಾಗೇ ಕೆಮ್ಮುತ್ತಿದ್ದರು. ಅವರು ಹೋಗಿ ಎಷ್ಟೋ ಕಾಲವಾಗಿದೆ.

ನಾನು ಹೆದರುಪುಕ್ಕಲಿಯಲ್ಲ. ಛತ್ರದ ಉಗ್ರಾಣಗಳಲ್ಲಿ ಒಬ್ಬಳೇ ಮಲಗಿ ಎದ್ದವಳು. ಆದರೆ ಆ ಮನೆಯಲ್ಲಿ ನಾವು ಮೂರು ಜನ ಇರಲಿಲ್ಲ. ನಾಲ್ಕನೆಯವರು ಯಾರೋ ಇದ್ದರು. ಜಿಂಕೆಯ ಗಾಜಿನ ಕಣ್ಣು ನಾನು ಹೋದ ಕಡೆ ತಿರುಗುತ್ತಿತ್ತು. ಗೋಡೆಗಳು ಉಸಿರಾಡುತ್ತಿರುವಂತಿತ್ತು. ರಾಮ ರಾಮ ಎನ್ನಲು ಹೋದರೆ ನಾಲಿಗೆ ತಡವರಿಸಿತು. ಹೊರಗೆ ಅದು ಬಿಡದೆ ಕೂಗುತ್ತಿತ್ತು. ಬೀಪ್.

ಅಷ್ಟರಲ್ಲಿ ಮುಸ್ಸಂಜೆಯಾಯಿತು. ತಲೆ ಎಷ್ಟೇ ಕೆಟ್ಟಿದ್ದರೂ ಮೈಯಲ್ಲಿ ಕೂತ ಅಭ್ಯಾಸ ಹೋಗುತ್ತದೆಯೇ? ದೀಪ ಹಚ್ಚುವ ಹೊತ್ತಿನಲ್ಲಿ ಬಸುರಿ ಮಲಗಿರಬಾರದು. ನಮ್ಮಮ್ಮ ನಮ್ಮನ್ನು ಬಡಿದೆಬ್ಬಿಸುತ್ತಿದ್ದಳು. ಗೋಡೆ ಹಿಡಿದುಕೊಂಡು ಅವಳ ಕೋಣೆಗೆ ಹೋದೆ.

"ಮೇಘಾ, ಏಳಮ್ಮ. ಮುಸ್ಸಂಜೆ ಹೊತ್ತು."

ಅವಳು ಏಳಲಿಲ್ಲ. ಕೆನ್ನೆ ತಟ್ಟಿದೆ. ಕಣ್ಣು ಅರ್ಧ ತೆರೆದಳು, ನನ್ನನ್ನು ನೋಡಲಿಲ್ಲ.

"ದೊಡ್ಡಮ್ಮ... ಆಚೆ ಅಳ್ತಾ ಇದೆ. ಅದಕ್ಕೆ ಚಳಿ. ಒಳಗೆ ಕರ್ಕೊಂಡ್ಬನ್ನಿ."

ನಾನು ಅವಳ ಮುಖದ ಹತ್ತಿರ ಬಗ್ಗಿದೆ. "ಯಾರನ್ನೇ?"

"ಎಸೆದುಬಿಟ್ರಲ್ಲ. ಯಾರೂ ಎತ್ಕೊಳ್ಳಲಿಲ್ಲ" ಎಂದು ಕಣ್ಣು ಮುಚ್ಚಿದಳು.

ಆಗ ನನಗೆ ಬುದ್ಧಿ ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಅವಳು ಕೇಳಿದ್ದನ್ನು ತಂದುಕೊಡಬೇಕು, ಅಷ್ಟೇ. ಬಾಗಿಲು ತೆರೆದು, ಹೊರಗಿನಿಂದ ಎಳೆದುಕೊಂಡು, ಮಂಜಿನಲ್ಲಿ ಆ ಸದ್ದಿನ ಹಿಂದೆ ನಡೆದೆ. ಸೌದೆ ರಾಶಿಯ ಹತ್ತಿರ ಹೋಗುತ್ತಿದ್ದಂತೆ ಹೊಟ್ಟೆ ತೊಳಸಿ, ತಿಂದ ಸಾರನ್ನವೆಲ್ಲ ವಾಂತಿಯಾಯಿತು. ಅಲ್ಲೇ ಸೌದೆಯ ಮೇಲೆ ಕೂತೆ. ತಣ್ಣನೆ ಗಾಳಿ. ತಲೆಯ ಹಿಡಿತ ಸಡಿಲವಾಗತೊಡಗಿತು. ಕಾಲ ಬಳಿಯೇ ಎಲೆಗಳ ನಡುವೆ ಅದು ಒದ್ದೆಯಾಗಿ ಬಿದ್ದಿತ್ತು, ಪುಟ್ಟ ಕೆಂಪು ದೀಪ ಮಿಟುಕಿಸುತ್ತಾ. ಸೆರಗಿನಲ್ಲಿ ಒರೆಸಿಕೊಂಡು ಒಳಗೆ ತಂದು ಅವಳ ಪಕ್ಕ ಮಂಚದ ಮೇಲಿಟ್ಟೆ.

"ತಂದಿದೀನಿ ನೋಡು ಮೇಘಾ."

ಅವಳು ಕಣ್ಣು ತೆರೆಯಲಿಲ್ಲ. ಅವಳ ಕೈ ತಿಕ್ಕುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅದು ಕಿರುಚಿತು. ಒಂಟಿ ಬೀಪ್ ಅಲ್ಲ, ಪೂರಾ ಕಿರುಚಾಟ. ನಾಲ್ಕು ಸಲ ಕೂಗಿ ತಡೆದು, ಮತ್ತೆ ನಾಲ್ಕು ಸಲ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ಒಗ್ಗರಣೆ ಇಲ್ಲ, ಹೊಗೆ ಇಲ್ಲ, ಊದಿನಕಡ್ಡಿ ಕೂಡ ಇಲ್ಲ. ಮತ್ತೇನು ಕಂಡಿತು ಇದಕ್ಕೆ? ತಿರುಗಿಸಿ ಕಣ್ಣ ಹತ್ತಿರ ಹಿಡಿದೆ. ಹೊಗೆ ಎಂದಿದ್ದ ಇಂಗ್ಲಿಷ್ ಅಕ್ಷರಗಳ ಕೆಳಗೆ ಇನ್ನೊಂದು ಸಾಲಿತ್ತು: ಕಾರ್ಬನ್ ಮೊನಾಕ್ಸೈಡ್.

ಆ ಹೆಸರು ಗೊತ್ತಿಲ್ಲದ ಮನೆ ನಮ್ಮ ಕಡೆ ಇದೆಯೇ? ಬಚ್ಚಲಿನ ಗ್ಯಾಸ್ ಗೀಸರ್ ಹಚ್ಚಿ, ಬಾಗಿಲು ಹಾಕಿಕೊಂಡು ಸ್ನಾನಕ್ಕೆ ಹೋದವರು ಹೆಣವಾಗಿ ಬಂದ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ? ವಾಸನೆಯಿಲ್ಲ, ಬಣ್ಣವಿಲ್ಲ. ನಾಲ್ಕನೆಯವರು ಯಾರೆಂದು ನನಗೆ ತಿಳಿಯಿತು. ಗೋಡೆಯ ಹೀಟರ್ ನೀಲಿಯಾಗಿ ಅಲ್ಲ, ಹಳದಿಯಾಗಿ ಉರಿಯುತ್ತಿತ್ತು.

ಬಾಗಿಲು ತೆರೆದೆ. ಕಿಟಕಿಗೆ ಕುರ್ಚಿ ಬೀಸಿದೆ. ಪ್ರಶಾಂತನ ಸೊಂಟಕ್ಕೆ ಒದ್ದೆ, ಅಳಿಯನೆಂದೂ ನೋಡಲಿಲ್ಲ. "ಏಳೋ! ನಿನ್ನ ಹೆಂಡ್ತಿ ಸಾಯ್ತಾಳೆ ಏಳೋ!" ಅವನು ತೂರಾಡುತ್ತಾ ಎದ್ದ. ಇಬ್ಬರೂ ಸೇರಿ ಮೇಘನಾಳನ್ನು ಎಳೆದುಕೊಂಡು ಹೊರಗೆ ತಂದು, ಒದ್ದೆ ಎಲೆಗಳ ಮೇಲೆ ಮಲಗಿಸಿದೆವು. ಪ್ರಶಾಂತ ಅಳುತ್ತಾ ಫೋನ್ ಮಾಡಿದ. ಒಳಗೆ ಅದು ಇನ್ನೂ ಕೂಗುತ್ತಿತ್ತು. ಅಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಬೆಂಕಿ ಆರಿಸುವವರ ಗಾಡಿ ಬಂತು, ಆಂಬುಲೆನ್ಸ್ ಬಂತು. ಹೀಟರಿನ ಹೊಗೆ ಹೋಗುವ ಕೊಳವೆಯಲ್ಲಿ ಒಣಗಿದೆಲೆ ತುಂಬಿ ಕಟ್ಟಿಕೊಂಡಿತ್ತಂತೆ. ಅಲಾರಂ ಮೊದಲು ಅರಚಿದ್ದು ನನ್ನ ಒಗ್ಗರಣೆಗೋ ಇದಕ್ಕೋ ಯಾರೂ ಹೇಳಲಾರರು ಎಂದರು. ಆಸ್ಪತ್ರೆಯಲ್ಲಿ ಮೂವರಿಗೂ ಮುಖಕ್ಕೆ ಆಕ್ಸಿಜನ್. ಮೇಘನಾಳ ಹೊಟ್ಟೆಗೆ ಯಂತ್ರ ಹಚ್ಚಿ ಮಗುವಿನ ಎದೆಬಡಿತ ಕೇಳಿಸಿದರು. ಬಡಿತ ಇತ್ತು. ಮರುದಿನವೂ ಇಟ್ಟುಕೊಂಡು ನೋಡಿ, ತೊಂದರೆ ಕಾಣುತ್ತಿಲ್ಲ, ಆದರೆ ಚಲನೆ ಗಮನಿಸುತ್ತಿರಿ ಎಂದು ಕಳಿಸಿದರು.

ಜಾನ್ಸ್ ಕ್ರೀಕ್

ದಾರಿಯುದ್ದಕ್ಕೂ ಮೇಘನಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಕೊನೆಗೆ ನನ್ನ ಕಿವಿಯ ಬಳಿ ಹೇಳಿದಳು: "ದೊಡ್ಡಮ್ಮ, ಆವತ್ತಿಂದ ಒದ್ದೇ ಇಲ್ಲ."

"ಡಾಕ್ಟ್ರು ಬಡಿತ ಕೇಳಿಸಿದ್ರಲ್ಲೇ."

"ಅದು ಮೆಷಿನ್‌ಗೆ ಕೇಳ್ಸಿದ್ದು. ನಂಗೆ ಗೊತ್ತಾಗ್ತಿಲ್ಲ. ಸೈಲೆಂಟ್ ಆಗಿ ಸುಮ್ನೆ ಸುತ್ತುತ್ತಾ ಇದ್ಯೇನೋ ಅನ್ಸತ್ತೆ."

ಆ ರಾಕೆಟ್ಟನ್ನು ತೋರಿಸಿದ ಅಳಿಯನನ್ನು ಶಪಿಸಿದೆ. ಅಲಾರಂ ಎಸೆದ ನನ್ನ ಕೈಯನ್ನು ಇನ್ನೂ ಹೆಚ್ಚು ಶಪಿಸಿದೆ. ತಂಗಿಗೆ ಏನು ಹೇಳಲಿ? ಜಾನ್ಸ್ ಕ್ರೀಕ್ ತಲುಪಿದ ಕೂಡಲೇ ಫೋನ್ ಮಾಡಿದ್ದಕ್ಕೆ ಅಲ್ಲಿನ ಡಾಕ್ಟರು, ಸಂಜೆ ಬನ್ನಿ, ಮತ್ತೆ ನೋಡುತ್ತೇವೆ ಎಂದರು. ರೂಪಾ ಸೀಮಂತ ಮುಂದೆ ಹಾಕೋಣ ಎಂದಳು. ಮೇಘನಾ ಕೇಳಲಿಲ್ಲ. "ಬಳೆ ತೊಡಿಸಿ ಅತ್ತಿಗೆ. ಸಂಜೆವರೆಗೆ ಸುಮ್ನೆ ಕೂತಿರೋಕೆ ನನ್ ಕೈಲಾಗಲ್ಲ."

ಅಕ್ಕಪಕ್ಕದ ಕನ್ನಡದ ಹೆಂಗಸರು ಬಂದರು. ಹಸಿರು ಸೀರೆ, ಹಸಿರು ಬಳೆ, ಮೊಗ್ಗಿನ ಜಡೆ. ಎಲ್ಲರೂ ನಗುವಿನ ಮುಖವಾಡ ಹಾಕಿಕೊಂಡಿದ್ದರು. ನಾನು ಅಡುಗೆಮನೆ ಸೇರಿದೆ, ಅಲ್ಲಿ ಅತ್ತರೆ ಈರುಳ್ಳಿ ಅನ್ನಬಹುದು. ಚಿತ್ರಾನ್ನಕ್ಕೆ ಎಣ್ಣೆ ಕಾಯಲಿಟ್ಟೆ. ರೂಪಾ ಸ್ನಾನದ ಟೋಪಿ ಹಿಡಿದುಕೊಂಡು ಸ್ಟೂಲ್ ಹತ್ತಿದಳು.

"ಇಳೀ ಕೆಳಗೆ!" ನಾನು ಕಿರುಚಿದ ರಭಸಕ್ಕೆ ಹಾಡು ನಿಂತುಹೋಯಿತು.

"ಆಂಟಿ, ಇಷ್ಟೊಂದು ಗೆಸ್ಟ್ಸ್ ಇದಾರೆ, ಅಲಾರಂ ಹೊಡ್ಕೊಂಡ್ರೆ..."

"ಹೊಡ್ಕೊಳ್ಳಲಿ. ಕೂಗೋದರ ಬಾಯಿ ಮುಚ್ಚಿಸಿದ್ದು ಸಾಕು ತಾಯಿ."

ಮೆಣಸಿನಕಾಯಿ ಹಾಕಿದೆ. ಅಲಾರಂ ಛಾವಣಿ ಹಾರಿಹೋಗುವ ಹಾಗೆ ಅರಚಿತು. ಮಕ್ಕಳು ಕಿವಿ ಮುಚ್ಚಿಕೊಂಡು ಓಡಿದವು, ಯಾರದೋ ಕೈಯ ಆರತಿ ತಟ್ಟೆ ಅಲುಗಿತು. ಆ ಗದ್ದಲದ ನಡುವೆ ನಡುಮನೆಯಿಂದ ಮೇಘನಾಳ ಕೂಗು ಕೇಳಿತು. ನಾನು ಸೌಟು ಹಿಡಿದೇ ಓಡಿದೆ.

ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ಬಾಯಿ ತೆರೆದು ಕೂತಿದ್ದಳು. ಕಣ್ಣಿಂದ ಧಾರಾಕಾರ ನೀರು. "ಬೆಚ್ಚಿಬಿತ್ತು ದೊಡ್ಡಮ್ಮ! ಒದೀತು! ಜೋರಾಗಿ ಒದೀತು!"

ನನ್ನ ಕೈ ಎಳೆದು ಬಲಗಡೆ ಇಟ್ಟುಕೊಂಡಳು. ಅಷ್ಟರಲ್ಲಿ ಯಾರೋ ಕಿಟಕಿ ತೆರೆದಿರಬೇಕು, ಅಲಾರಂ ನಿಂತಿತು. ಕೈ ಕೆಳಗೂ ಎಲ್ಲ ನಿಶ್ಶಬ್ದ. ಇಡೀ ಮನೆ ಉಸಿರು ಹಿಡಿದು ನಮ್ಮನ್ನೇ ನೋಡುತ್ತಿತ್ತು.

"ನಿಂತುಹೋಯ್ತು" ಎಂದಳು ಮೇಘನಾ, ಮತ್ತೆ ಬಿಳಿಚಿಕೊಳ್ಳುತ್ತಾ.

"ಒಂದು ನಿಮಿಷ ಇರು" ಎಂದು ನಾನು ಅಡುಗೆಮನೆಗೆ ಹೋಗಿ, ಕಿಟಕಿ ಮುಚ್ಚಿ, ಕಾದ ಎಣ್ಣೆಗೆ ಒಂದು ಹಿಡಿ ಮೆಣಸಿನಕಾಯಿ ಸುರಿದೆ.